ಮೂವತ್ತಕ್ಕೆ ಎರಡು

ಹಾಸನದ ದೊಡ್ಡಾಸ್ಪತ್ರೆ, ಮೂರನೇ ಮಹಡಿ, ಲಿಫ್ಟು ಕೆಟ್ಟಿದೆ.
ಹತ್ತಿ ಬಂದ ನಮಗೆಲ್ಲ ಏದುಸಿರು,
ಉಸಿರು ಕೊಡುವುದನ್ನು ಇನ್ನೊಮ್ಮೆ ಕಲಿಯಲು ಬಂದವರಿಗೆ.

ಗೊಂಬೆಗೆ ಕೈಯಿಲ್ಲ, ಕಾಲಿಲ್ಲ. ಸೊಂಟಕ್ಕೇ ಮುಗಿದ ಮೈ.
ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ ಒರೆಸಿ
ತುಟಿಯ ಬಣ್ಣ ಹೋಗಿದೆ.
ಅರಕಲಗೂಡು ಗಾಡಿಯ ಜವರಪ್ಪ ಅವನನ್ನು
ಭಾವ ಅನ್ನುತ್ತಾನೆ:
'ಎರಡು ವರ್ಷಕ್ಕೊಂದ್ಸಲ ಸಾಯ್ತಾನೆ.
ನೋಡಕ್ಕೆ ಬರದಿದ್ರೆ ನಮ್ ಕೆಲ್ಸ ಹೋಯ್ತದೆ.'

ನನ್ನ ಕಾರ್ಡಿನ ಅವಧಿ ಮುಗಿದದ್ದು ಮೂವತ್ತೊಂದಕ್ಕೆ.
ಆ ರಾತ್ರಿ ಕಂದಲಿ ದಾಟುವಾಗ
ಗಾಡಿಯೊಳಗೇ ಹೆರಿಗೆ. ಹನ್ನೆರಡೂ ಹತ್ತು.
ಕಾಗದದ ಲೆಕ್ಕದಲ್ಲಿ ಹತ್ತು ನಿಮಿಷದಿಂದ
ಏನೂ ಬಾರದ ಕೈಗಳು
ಜಾರುವ ತಲೆಯನ್ನು ಹಿಡಿದುಕೊಂಡವು.
ಮಗು ಕಾರ್ಡು ಕೇಳಲಿಲ್ಲ, ಅತ್ತಿತು.
ಪೈಲಟ್ ಇದಿನಬ್ಬ ಕನ್ನಡಿಯತ್ತ ಕಣ್ಣೆತ್ತದೆ
'ಗಂಡಾ ಹೆಣ್ಣಾ ಮೇಡಂ?' ಅಂದ.
ನಾನು ಟೈಮ್ ಬರೆದುಕೊಳ್ಳುತ್ತಿದ್ದೆ,
ನೋಡಿರಲೇ ಇಲ್ಲ.

ಇವತ್ತು ಕಲಿಸುವವಳು ಧನ್ಯಶ್ರೀ.
ನಾನು ಕೆಲಸಕ್ಕೆ ಸೇರಿದಾಗ
ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಒಪ್ಪಿಸುತ್ತಿದ್ದಿರಬೇಕು.
'ಹಳೇದನ್ನ ಮರೆತುಬಿಡಿ' ಎನ್ನುತ್ತಾಳೆ ನಗುತ್ತ.

ಬಂದಾಗಲೆಲ್ಲ ಏನೋ ಒಂದನ್ನು ಮರೆತು ಹೋಗಿದ್ದೇವೆ.
ಮೊದಲು ಉಸಿರು, ಆಮೇಲೆ ಎದೆ: ಅದನ್ನು ಮರೆತೆವು.
ಎದೆನೋವೆಂದವರಿಗೆಲ್ಲ ಆಕ್ಸಿಜನ್ ಮಾಸ್ಕು: ಅದನ್ನೂ.
ಒಂದೂವರೆ ಇಂಚು ಒತ್ತಿದರೆ ಸಾಕು ಎಂಬುದನ್ನು
ಮರೆಯಲು ಹೇಳಿ ಎಷ್ಟು ವರ್ಷವಾಯಿತು!
ಈಗ ಎರಡಕ್ಕೆ ಕಮ್ಮಿಯಿಲ್ಲ.

ಆದರೆ ಹಗರೆಯ ಪಂಕ್ಚರ್ ಅಂಗಡಿಯ ದೇವೀರಪ್ಪನಿಗೆ
ಒತ್ತಿದ್ದು ಒಂದೂವರೆ.
ಆಗ ಬೇಲೂರಿನ ಗಾಡಿಯಲ್ಲಿದ್ದೆ. ಹೊಸ ಯೂನಿಫಾರಂ,
ಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತೊಂಬತ್ತು.
ಅವನ ಬನಿಯನ್ನಿನ ತುಂಬ ಗ್ರೀಸು,
ನನ್ನ ಗ್ಲೌಸಿನ ತುಂಬ ಗ್ರೀಸು,
ಇಪ್ಪತ್ತೆರಡು ನಿಮಿಷ
ಪುಸ್ತಕ ಹೇಳಿದಷ್ಟೇ, ಒಂದು ನೂಲೂ ತಪ್ಪದೆ.
ಸರಿಯಾಗಿಯೇ ಒತ್ತಿದ್ದೆ.
ಆಗಿನ ಸರಿ.

ಉಳಿದ ಆ ಅರ್ಧ ಇಂಚು,
ಹೆಬ್ಬೆರಳಿನ ಉಗುರಿನಷ್ಟು,
ಯಾರ ಹತ್ತಿರ ಇದೆ ಈಗ?

ಪ್ರಶ್ನೆ ಹದಿನೇಳು. ಒತ್ತುವುದನ್ನು ಯಾವಾಗ ನಿಲ್ಲಿಸಬಹುದು?
ಅ, ರೋಗಿ ಉಸಿರಾಡಿದಾಗ.
ಆ, ವೈದ್ಯರು ಹೇಳಿದಾಗ.
ಇ, ನೀವು ಪೂರ್ತಿ ದಣಿದಾಗ.
ಈ, ಮೇಲಿನ ಎಲ್ಲವೂ.
'ಈ' ಎಂದು ಗುರುತು ಹಾಕಿದೆ. ಅಂಕ ಬರುತ್ತದೆ.
ಅವನ ಹೆಂಡತಿ ರಸ್ತೆಯ ಮೇಲಿದ್ದ ಅವನ ಚಪ್ಪಲಿಗಳನ್ನು
ಒಂದನ್ನೊಂದಕ್ಕೆ ಬಡಿದು ಮಣ್ಣು ಕೊಡವಿ
ಸೆರಗಿನಲ್ಲಿ ಸುತ್ತಿಕೊಂಡು ಗಾಡಿ ಹತ್ತಿದ್ದಳು.
ಅವಳು ಆಗಲೇ ನಿಲ್ಲಿಸಿದ್ದಳು.
ಅದಕ್ಕೆ ಅಕ್ಷರ ಕೊಟ್ಟಿಲ್ಲ.

ಮಧ್ಯಾಹ್ನ ಪ್ರಾಕ್ಟಿಕಲ್. ಮಂಡಿಯೂರಿದೆ.
ಮೊಣಕೈ ನೆಟ್ಟಗೆ, ಹೆಗಲು ಅಂಗೈಯ ಮೇಲೆ.
ಒಂದು, ಎರಡು, ಮೂರು,
ಗೊಂಬೆಯೊಳಗೆ ಟಕ್, ಟಕ್,
ಹದಿನಾಲ್ಕು, ಹದಿನೈದು,
ಎದೆಯ ಬದಿಯ ದೀಪ ಹಸಿರಿದ್ದದ್ದು
ಕೆಂಪಾಯಿತು.
'ಮೇಡಂ, ಜಾಸ್ತಿ ಆಯ್ತು' ಧನ್ಯಶ್ರೀ ಬಗ್ಗಿದಳು,
'ಆರು ಸೆಂಟಿಮೀಟರ್ ದಾಟಬಾರದು,
ಪಕ್ಕೆಲುಬು ಮುರಿಯುತ್ತೆ.
ಯಾಕಿಷ್ಟು ಆಳ ಒತ್ತುತೀರಿ?'

ಅಭ್ಯಾಸ ಅಂದೆ.

ಎರಡನೇ ಸಲ ಹಸಿರಿನಲ್ಲೇ ಮುಗಿಸಿದೆ.
ಮೂವತ್ತು ಒತ್ತು, ಎರಡು ಉಸಿರು,
ಐದು ಸುತ್ತು. ಪಾಸು.
ಇನ್ನೆರಡು ವರ್ಷ ನನ್ನ ಕೈಗಳಿಗೆ ಎಲ್ಲ ಗೊತ್ತು.
ಕಾರ್ಡಿನಲ್ಲಿ ಅದೇ ಹಳೆಯ ಫೋಟೋ,
ನಲವತ್ತೊಂಬತ್ತು ತೆಗೆದವಳದು.

ಮುಂದಿನವರಿಗೆ ಬಾಯಿ ಒರೆಸಿಡಬೇಕು, ಅದು ನಿಯಮ.
ಬಾಯಿ ಒರೆಸಿದೆ.
ಹತ್ತಿಯಲ್ಲಿ ಇನ್ನೂ ಸ್ಪಿರಿಟ್ಟಿತ್ತು,
ಎದೆಯನ್ನೂ ಒರೆಸಿದೆ.
ಅಲ್ಲಿ ಗ್ರೀಸೇನೂ ಇರಲಿಲ್ಲ.

'ಏಳಿ ಮೇಡಂ' ಜವರಪ್ಪ ತೋಳು ಮಡಿಸುತ್ತ ನಿಂತಿದ್ದ,
'ಭಾವ ಇನ್ನೂ ಹನ್ನೊಂದು ಜನದ ಕೈಲಿ ಸಾಯಬೇಕು.'