ಅರ್ಧ ಇಳಿದ ಬ್ರಹ್ಮಾಂಡ

ಗ್ರಂಥಾಲಯದ ವೈಫೈ ಐದಕ್ಕೆ ನಿಲ್ಲುತ್ತದೆ.
ಶುಕ್ರವಾರ. ಕಾರ್ನಾರ್ವನ್ ಪೇಟೆ.
ಹಿಟ್ಟು, ಸೀಮೆಎಣ್ಣೆ, ಉಣ್ಣೆ ಕತ್ತರಿಸುವ ಯಂತ್ರದ ಅಲಗಿಗೆ ಸಾಣೆ,
ಇಷ್ಟು ಮುಗಿಸಿ ಬರುವಾಗ ಬೆರೆಂಡೀನ್
ಮೆಟ್ಟಿಲ ಮೇಲೆ ಕೂತು, ಮೊಬೈಲು ಹಿಡಿದು,
ಒಲೆಯ ಮೇಲಿನ ಹಾಲು ಕಾಯುವವಳ ಹಾಗೆ ಕಾಯುತ್ತಿದ್ದಳು.
ನೂರಕ್ಕೆ ಅರವತ್ತೊಂದು. ಅರವತ್ತೆರಡು.
ಆಮೇಲೆ ಮಿಸ್ ಯೂಲೀಸ್ ಬೀಗ ಹಾಕಿದರು.

“ಏನದು?”
“ಲೋಕ ಹುಟ್ಟಿದ್ದು, ಪಾ. ಅರ್ಧಕ್ಕಿಂತ ಹೆಚ್ಚೇ ಬಂತು.”

ನಮ್ಮ ಕಡೆ ಸಿಗ್ನಲ್ ಇಲ್ಲ. ಇರಕೂಡದು.
ಬೇಲಿಯಾಚೆ ಬಿಳಿ ತಟ್ಟೆಗಳು ಆಕಾಶಕ್ಕೆ ಕಿವಿಗೊಟ್ಟು ನಿಂತಿವೆ,
ಒಂದು ಫೋನು ಉಸಿರಾಡಿದರೂ ಅವಕ್ಕೆ
ಕಿವಿಯ ಹತ್ತಿರ ಬಂದು ಕಿರುಚಿದ ಹಾಗಂತೆ.
ಪೆಟ್ರೋಲ್ ಗಾಡಿಯ ಕಿಡಿಯೂ ಗದ್ದಲವಂತೆ.
ಕುರಿ ಕೂಗಿದರೆ ಪರವಾಗಿಲ್ಲವಂತೆ.

ರಾತ್ರಿ ಒಲೆಯ ಪಕ್ಕ ಕೂತು,
ಒಂದು ದಿನವೂ ವಿಮಾನ ಹತ್ತದವಳು ವಿಮಾನದ ಚಿತ್ರ ಒತ್ತಿ
ಬೆರಳಲ್ಲಿ ಕಾಲವನ್ನು ಹಿಂದಕ್ಕೆ ತಳ್ಳಿದಳು.
ತಳ್ಳಿ ತಳ್ಳಿ ಕೊನೆಗೆ ಒಂದು ಚುಕ್ಕಿ.
“ಇದರ ಹೊರಗೆ ಏನಿದೆ?”
“ಹೊರಗು ಅನ್ನೋದೇ ಇಲ್ಲ, ಪಾ.”
ಮೂವತ್ತು ವರ್ಷ ಬೇಲಿ ಬಿಗಿದವನು ನಾನು,
ಹೊರಗಿಲ್ಲದ ದೊಡ್ಡಿಯನ್ನು ಎಲ್ಲೂ ಕಂಡಿಲ್ಲ.
ಸುಮ್ಮನಾದೆ.

ಮೊದಲ ಮೂರು ನಿಮಿಷಗಳಲ್ಲೇ
ಹೈಡ್ರೋಜನ್ ಎಷ್ಟು, ಹೀಲಿಯಂ ಎಷ್ಟು ಎಂಬುದು
ಹೆಚ್ಚುಕಡಿಮೆ ತೀರ್ಮಾನವಾಗಿ ಹೋಯಿತೆಂದು ಆ್ಯಪು ಹೇಳಿತು.
ಮೂರು ನಿಮಿಷ ಅಂದರೆ ನನಗೆ ಗೊತ್ತು.
ಒಂದು ಮೆರಿನೋ ನನ್ನ ಮಂಡಿಗಳ ನಡುವೆ ಇರುವಷ್ಟು ಹೊತ್ತು.
ಹೊಟ್ಟೆ, ತೊಡೆ, ಕತ್ತು, ಬೆನ್ನು,
ಉಣ್ಣೆ ಒಂದೇ ಹಾಸಾಗಿ ಕಳಚಿ ಬೀಳುತ್ತದೆ
ಎದ್ದು ಓಡುವುದು ಬೇರೆಯೇ ಪ್ರಾಣಿ.
“ಹಾಗೇನಾ?” ಎಂದೆ.
ಅವಳು ತುಸು ಯೋಚಿಸಿ, ಮೇಡಂ ಧಾಟಿಯಲ್ಲಿ,
“ಸ್ವಲ್ಪ ಹಾಗೆ” ಎಂದಳು.

ಆಮೇಲೆ ಮಂಜು.
ಮೂರು ಲಕ್ಷ ಎಂಬತ್ತು ಸಾವಿರ ವರ್ಷ
ಬೆಳಕು ತನ್ನೊಳಗೆ ತಾನೇ ಎಡವುತ್ತಿದ್ದ ಮಂಜು.
ಅವಳು ಎರಡು ಬೆರಳಲ್ಲಿ ಅದನ್ನು ಹಿಗ್ಗಿಸಿದಳು.
ತಿಳಿಯಾಯಿತು. ಕಿತ್ತಳೆ ಬಣ್ಣದ ಬೆಳಕು
ಅವಳ ಗಲ್ಲಕ್ಕೆ, ನನ್ನ ಜಡ್ಡುಗಟ್ಟಿದ ಅಂಗೈಗೆ,
ಗೋಡೆಯ ಮೊಳೆಗೆ ತೂಗುವ ಸಾನಾಳ ಟೋಪಿಗೆ
ಒಟ್ಟಿಗೇ ಬಿತ್ತು.
ಆ ಟೋಪಿ ಅಲ್ಲಿ ಮೂರು ವರ್ಷದಿಂದ ಇದೆ.
ನಾವು ಅದರ ಮಾತೆತ್ತುವುದಿಲ್ಲ.

ಮುಂದಿನ ಪಾಠ, ಕತ್ತಲ ಯುಗ.
ನಕ್ಷತ್ರ ಇನ್ನೂ ಹುಟ್ಟಿಲ್ಲ. ಬರೀ ಅನಿಲ, ಬರೀ ತಣ್ಣಗಾಗುವುದು.
ಅಷ್ಟಕ್ಕೇ ಪರದೆ ನಿಂತಿತು.
ಸಣ್ಣದೊಂದು ಚಕ್ರ ತಿರುಗತೊಡಗಿತು.
ಸಂಪರ್ಕವಿಲ್ಲ. ನಂತರ ಪ್ರಯತ್ನಿಸಿ.

“ಶುಕ್ರವಾರದವರೆಗೆ ಇಷ್ಟೇ” ಎಂದಳು.
“ನಕ್ಷತ್ರ ಹುಟ್ಟೋದಕ್ಕೆ ಶುಕ್ರವಾರ ಬರಬೇಕಾ?”
ನಕ್ಕಳು. ಬಹಳ ದಿನದ ಮೇಲೆ.
“ತಟ್ಟೆಗಳಿಗೂ ಇನ್ನೂ ಸಿಕ್ಕಿಲ್ಲ, ಪಾ.
ಆ ಕತ್ತಲು ಹರಿದ ಹೊತ್ತಿನ ಸದ್ದು ಹುಡುಕುವವರೂ ಅಲ್ಲಿದ್ದಾರೆ.
ತುಂಬಾ ಸಣ್ಣ ಸದ್ದು. ಅದಕ್ಕೇ ನಮಗೆ ಗಲಾಟೆ ಮಾಡಬೇಡಿ ಅನ್ನೋದು.”

ಹೊರಗೆ ಗಾಳಿಯಂತ್ರ ಕೀಚಲು ದನಿಯಲ್ಲಿ
ಒಂದೆರಡು ಸುತ್ತು ಸುತ್ತಿ ನಿಂತಿತು.
ಬ್ಯಾಟರಿ ಒಂಬತ್ತಕ್ಕಿಳಿದು ಪರದೆ ತಾನಾಗಿ ಆರಿತು.
ಕೆಂಡದ ಬೆಳಕಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ,
ಮೂಗಿನ ತುದಿ ಮಾತ್ರ.

“ಅಮ್ಮನೂ ಉಣ್ಣೆ ಕತ್ತರಿಸುತ್ತಿದ್ದಳಾ?”

ಇಲ್ಲ, ವಿಂಗಡಿಸುತ್ತಿದ್ದಳು, ಎಂದೆ.
ಎಳೆಯನ್ನು ಕಿವಿಯ ಹತ್ತಿರ ಹಿಡಿದು ಸೆಳೆಯುತ್ತಿದ್ದಳು,
ಗಟ್ಟಿ ಉಣ್ಣೆ ಟಿಂಗ್ ಅನ್ನುತ್ತದೆ, ಬರಗಾಲದ್ದು ಪಟ್ಟನೆ ಹರಿಯುತ್ತದೆ.
ಶೆಡ್ಡಿನಲ್ಲಿ ಅವಳು ಎಳೆ ಎತ್ತಿದರೆ
ಹನ್ನೊಂದು ಗಂಡಸರು ಯಂತ್ರ ನಿಲ್ಲಿಸುತ್ತಿದ್ದರು,
ಅವಳಿಗೆ ಕೇಳಿಸಲಿ ಅಂತ.
ಮತ್ತೆ, ಎಂದಳು.
ಮತ್ತೆ, ಎಂದು ನಾನು ಶುರು ಮಾಡಿದೆ.

ಎಷ್ಟು ಹೊತ್ತು ಹೇಳಿದೆನೋ.
ಮೂರು ನಿಮಿಷಕ್ಕಿಂತ ಹೆಚ್ಚು.