ಮೂರನೆಯ ಬೀಗ

ತಿಸಾ ನದಿಯ ದಂಡೆಯ ನಮ್ಮೂರಿಗೆ
ಆ ವರ್ಷ ಹೊರಗಿನಿಂದ ಬಂದವನು ಒಬ್ಬನೇ:
ಪೋಸ್ಟರ್ ಅಂಟಿಸುವ ಹುಡುಗ, ಬುಡಾಪೆಸ್ಟಿನವನು,
ಗೋಂದಿನ ಬಕೆಟ್ಟು, ಉದ್ದ ಕೋಲಿನ ಬ್ರಷ್ಷು.
ಬಸ್ ನಿಲ್ದಾಣದ ಗೋಡೆಗೆ ಮೆತ್ತಿ ಹೋದ:
'ಅವರು ಬರುತ್ತಿದ್ದಾರೆ.'

ಯಾರು ಅಂತ ಬರೆದಿರಲಿಲ್ಲ.
ನಾನೂ ಕೇಳಲಿಲ್ಲ; ಬೀಗದಂಗಡಿ ನನ್ನದು,
ಚುನಾವಣೆ ಬಂತೆಂದರೆ ಸುಗ್ಗಿ.

ಪಿರೋಶ್ಕಾ ಅಜ್ಜಿ ಮೊದಲು ಒಂದು ಕೊಂಡಳು.
ಟೀವಿ ನೋಡಿ ಇನ್ನೊಂದು.
ಮೂರನೆಯದನ್ನು ಜಡಿಯುತ್ತ ನಾನೇ ಅಂದೆ,
"ಇನ್ನು ಇರುವೆಗೂ ದಾರಿಯಿಲ್ಲ, ನೆಮ್ಮದಿಯಾಗಿ ಮಲಗಿ."
ನಲವತ್ತು ವರ್ಷ ಅಗುಳಿಯನ್ನೂ ಹಾಕದವಳು,
ಬಿಸಿ ಬ್ರೆಡ್ಡು ಹಿಡಿದು ಬೀದಿಯ ಮಕ್ಕಳನ್ನೆಲ್ಲ ಕೂಗುತ್ತಿದ್ದವಳು
ತಲೆಯಾಡಿಸಿ, ಚಿಲ್ಲರೆ ಎಣಿಸಿದಳು.

ಫೆಬ್ರವರಿಯಲ್ಲಿ ಎರಡು ದಿನ
ಅವಳ ಚಿಮಣಿಯಲ್ಲಿ ಹೊಗೆಯಿಲ್ಲ.
ಆಂಬುಲೆನ್ಸಿನವರು ಬಾಗಿಲು ಗುದ್ದಿ ಗುದ್ದಿ ಸೋತು
ನನ್ನನ್ನೇ ಕರೆಸಿದರು.
ಒಳ್ಳೆಯ ಉಕ್ಕು. ನಾನೇ ಆರಿಸಿದ್ದು.
ಕೊಯ್ಯಲು ಮುಕ್ಕಾಲು ಗಂಟೆ.

ಒಲೆಯ ಬಳಿ ಬಿದ್ದಿದ್ದಳು, ಸೊಂಟ ಮುರಿದು.
ಜೀವವಿತ್ತು.
ಕಣ್ಣು ತೆರೆದು ನನ್ನನ್ನು, ನನ್ನ ಕೈಯ ಗರಗಸವನ್ನು
ನೋಡಿ, ಮೆಲ್ಲಗೆ ಕೇಳಿದಳು:
"ಬಂದೇ ಬಿಟ್ಟಿರಾ?"