ಹದಿನಾಲ್ಕು ಎಣಿಸುವಷ್ಟರಲ್ಲಿ

ಕೆಮ್ಮಿನ ಸಿರಪ್ಪಿನ ಮುಚ್ಚಳ ಒಂದಿದ್ದರೆ ಸಾಕು
ಅಂದಳು ಪ್ಯಾರಿಜಾನ್, ಮೊಪೆಡ್ಡಿನ ಸ್ಟ್ಯಾಂಡು ಒದೆಯುತ್ತ.
ಶ್ರೀನಿವಾಸಪುರದಿಂದ ಬಂದವಳು. ಹೆಗಲಿಗೆ ಕರಿ ಪೈಪಿನ ಸುರುಳಿ,
ತುಟಿಯ ನಡುವೆ ಎರಡು ವಾಷರು,
ಮಾತಾಡುವಾಗಲೂ ತೆಗೆಯುವುದಿಲ್ಲ.

ಗೂಡಿನಲ್ಲಿ ಹುಡುಕಿದೆ. ಮೊಮ್ಮಗಳ ಕೆಮ್ಮು ಹೋಗಿ ವರ್ಷವಾಯಿತು,
ಬಾಟಲಿ ಇದೆ. ಮುಚ್ಚಳಕ್ಕೆ ಇರುವೆ ಹತ್ತಿದೆ.
ತೊಳೆದು ತಂದೆ.

"ಹದಿನೈದು ಎಂ.ಎಲ್. ಗೆರೆ ನೋಡು. ಡ್ರಿಪ್ಪರಿನ ಕೆಳಗೆ ಹಿಡಿ.
ಹದಿನಾಲ್ಕು ಎಣಿಸುವಷ್ಟರಲ್ಲಿ ತುಂಬಬೇಕು.
ತುಂಬಿದರೆ ಗಂಟೆಗೆ ನಾಲ್ಕು ಲೀಟರು.
ಇಲ್ಲವಾ, ನಿನ್ನ ಟೊಮ್ಯಾಟೊ ಸುಳ್ಳು ಲೆಕ್ಕ ಕುಡೀತಿದೆ."

ನಾನು ಎಣಿಸಿದ್ದು ತೆಲುಗಿನಲ್ಲಿ, ಅವಳು ಉರ್ದುವಿನಲ್ಲಿ.
ನನ್ನ ಪದ್ನಾಲುಗು ಬರುವಷ್ಟರಲ್ಲಿ
ಅವಳ ಚೌದಾ ದಾಟಿ ಸೋಲಾ ಆಗಿತ್ತು.
ಯಾರ ನಾಲಿಗೆ ಸರಿ? ನಗುವಾಗ ವಾಷರು ಉದುರಿ
ಮಣ್ಣಿನಲ್ಲಿ ಇಬ್ಬರೂ ತಡಕಿದೆವು.
ಆಮೇಲೆ ಒಂದನೇ ಕ್ಲಾಸಿನ ಮಕ್ಕಳ ಹಾಗೆ, ಕನ್ನಡದಲ್ಲಿ, ಒಟ್ಟಿಗೆ:
ಗೇಟ್ ವಾಲ್ವಿನ ಪಕ್ಕದ ಗಿಡ, ಹದಿಮೂರು.
ನಡುವಿನದು, ಹದಿನೈದು.
ಬೇಲಿಯ ಕೊನೇ ಸಾಲಿನಲ್ಲಿ ಮೂವತ್ತಾದರೂ
ಮುಚ್ಚಳದ ತಳ ಮಾತ್ರ ಒದ್ದೆ.

ಆ ಸಾಲನ್ನು ನಾನು ಏನೆಲ್ಲ ಬೈದಿದ್ದೆ.
ನರ್ಸರಿಯವನು ಮೋಸ ಮಾಡಿದ, ಪಕ್ಕದ ನೀಲಗಿರಿ ಹೀರುತ್ತದೆ,
ನಾದಿನಿಯ ಕಣ್ಣು ಬಿದ್ದಿದೆ ಅಂತ
ಗೂಟಕ್ಕೆ ಹಳೇ ಎಕ್ಕಡ ಬೇರೆ ಕಟ್ಟಿದ್ದೆ.
ಪ್ಯಾರಿಜಾನ್ ಅದನ್ನು ನೋಡಿದಳು. ಏನೂ ಅನ್ನಲಿಲ್ಲ.

"ಪೈಪಿನ ತುದಿ ಬಿಚ್ಚು."
ಬಿಚ್ಚಿದೆ. ಮೊದಲು ಗೊರಗೊರ ಕೆಮ್ಮಿತು.
ಆಮೇಲೆ ಟೀ ಗಸಿಯಂಥ ಕೆಂಪು,
ಆಮೇಲೆ ಬಿಳಿ ಪುಡಿ,
ಸಾವಿರದಿನ್ನೂರು ಅಡಿ ಕೆಳಗಿನ ಕಲ್ಲು
ಕರೆಯದೆ ನೀರಿನ ಜೊತೆ ಎದ್ದು ಬಂದದ್ದು.
ತಿಳಿಯಾಗುವ ತನಕ ಕಾಲ ಮೇಲೆ ಹರಿಯಬಿಟ್ಟೆ.

ನಮ್ಮ ತಾತ ಗುರ್ರಪ್ಪ ನೀರುಗಂಟಿ.
ತೂಬಿನ ಕಲ್ಲ ಮೇಲೆ ಕೂತು, ಕೋಲಿನ ನೆರಳು ಅಳೆದು
ಯಾರ ಮಡಿಗೆ ಎಷ್ಟು ಗೇಣು ನೀರು ಅಂತ ಹಂಚುತ್ತಿದ್ದ.
ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ.
ಮೈಲಿಗೆ ಅಂತ ಒಂದು ದಿನ, ಜಾರಿ ಬೀಳ್ತೀಯ ಅಂತ ಇನ್ನೊಂದು ದಿನ.
ಕೆರೆಯ ತುಂಬ ಈಗ ಜಾಲಿ.
ತೂಬಿನ ಮೇಲೆ ಯಾರದೋ ಹುಣಸೆಹಣ್ಣು ಒಣಗುತ್ತದೆ.

ಎರಡನೇ ಪಾಠ ಗುದ್ದಲಿಯದು.
ಗಿಡದಿಂದ ಒಂದು ಗೇಣು ದೂರ, ಒಂದು ಗೇಣು ಆಳ.
ಮೇಲೆ ಬರೀ ಧೂಳು. ಅದನ್ನೇ ನೋಡಿ ದಿನಾ
ಇನ್ನೊಂದು ಗಂಟೆ ಇರಲಿ ಅಂತ ಮೋಟಾರು ಬಿಡುತ್ತಿದ್ದೆನಲ್ಲ,
ಒಳಗೆ ಬೇರು ಕೆಸರಿನಲ್ಲಿ ಉಸಿರು ಕಟ್ಟಿ ನಿಂತಿತ್ತು.
"ಒಂದು ಹಿಡಿ ತಗೊಂಡು ಹಿಂಡು.
ಉದುರಿತಾ, ಇವತ್ತೇ ನೀರು.
ಮುದ್ದೆ ನಿಂತಿತಾ, ನಾಳೆ ನೋಡು.
ಕೈ ಒದ್ದೆಯಾಯಿತಾ, ಸ್ವಿಚ್ಚಿನ ಕಡೆ ತಿರುಗಲೂಬೇಡ."
ಮುದ್ದೆ ಕಟ್ಟುವುದು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಆದರೂ ಅವಳ ಮುಂದೆ ಕೈ ನಡುಗಿತು.

ನಾಲ್ಕನೇ ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂತು.
ಊರ ಮೋಟಾರೆಲ್ಲ ಒಂದೊಂದೇ ಒದರತೊಡಗಿದವು,
ಮೊದಲು ಪಿಳ್ಳಪ್ಪನದು, ಆಮೇಲೆ ಚೌಡರೆಡ್ಡಿಯವರದು.
ನನ್ನ ಕಾಲು ಎದ್ದೇ ಬಿಟ್ಟಿತು, ಹತ್ತು ವರ್ಷದ ಅಭ್ಯಾಸ.
ಬ್ಯಾಟರಿ ಹಿಡಿದು ಮೊದಲ ಸಾಲು ಅಗೆದೆ: ಮುದ್ದೆ.
ಬೇಲಿಯ ಸಾಲು ಅಗೆದೆ.
ಎರಡು ಸಲ ಹಿಂಡಿದೆ, ನಂಬಿಕೆ ಬರಲಿಲ್ಲ. ಅದೂ ಮುದ್ದೆ.

ಸ್ಟಾರ್ಟರ್ ಡಬ್ಬಿಯ ಕೆಳಗೆ ಕೂತೆ.
ಹಸಿರು ಗುಂಡಿ ತಲೆಯ ಮೇಲೆ. ಸೊಳ್ಳೆ.
ಕರೆಂಟು ಇದ್ದೂ ಸುಮ್ಮನೆ ಕೂರುವುದು
ಒಲೆ ಉರಿಯುವಾಗ ಅಡುಗೆ ಮಾಡದಷ್ಟು ಕಷ್ಟ.
ಒಂದು, ಎರಡು, ಮೂರು ಅಂತ ಎಣಿಸುತ್ತ ಹೋದೆ, ಯಾತಕ್ಕೆಂದು ತಿಳಿಯದೆ.
ಹದಿನಾಲ್ಕರ ಮೇಲೆ ಅದು ತಾನಾಗಿ ತೆಲುಗಾಯಿತು.

ಬೆಳಗ್ಗೆ ಕೈಯ ಮುದ್ದೆ ಒಣಗಿ ಬಿರುಕು ಬಿಟ್ಟಿತ್ತು.
ಕೊನೇ ಸಾಲಿನಲ್ಲಿ ಒಂದು ಹೂವು, ಹಳದಿ, ಸಾಸಿವೆಯಷ್ಟು.
ಎಕ್ಕಡ ಮಾತ್ರ ಬಿಚ್ಚಲಿಲ್ಲ.
ನಾದಿನಿ ಇನ್ನೂ ಅದೇ ಮನೆಯಲ್ಲಿದ್ದಾಳೆ.